ಅವಧೂತರಾಯರ ಬಾಂಬು

"ಭಾನುವಾರದೊಳಗ ನೀವು ಹೇಳ್ರಿ. ಇಲ್ಲಾಂದ್ರ ಸೋಮವಾರ ಮುಂಜಾನೆ ಚಹಾದ ಹೊತ್ತಿಗೆ ನಾನಽ ಹೇಳ್ತೀನಿ," ಎಂದು ಭುವನೇಶ್ವರಿ ಅಂದಾಗ ಅವಧೂತರಾಯರ ಕೈಯಲ್ಲಿದ್ದ ಬಾಳೆಹಣ್ಣು ಅರ್ಧ ಸುಲಿದಲ್ಲೇ ನಿಂತಿತು. ಗುರುವಾರ ಮಧ್ಯಾಹ್ನ. ಪುಣೆಯ ಕೋಥರೂಡಿನ ಆ ಎರಡನೆಯ ಮಾಳಿಗೆಯ ಮನೆಯ ಗ್ಯಾಲರಿಯಲ್ಲಿ, ಒಣಹಾಕಿದ ಸೀರೆಯ ಮರೆಯಲ್ಲಿ ನಿಂತು ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು. ಪಿಸುಮಾತು ಯಾಕೆಂದರೆ ಒಳಗಿನ ಕೋಣೆಯಲ್ಲಿ ರಂಗೂಬಾಯಿ ಮಲಗಿದ್ದರು. ರಂಗೂಬಾಯಿ ಅಂದರೆ ರಾಯರ ಅಕ್ಕ. ವಯಸ್ಸು ಎಪ್ಪತ್ತೆರಡು, ಕಿವಿಗೆ ಮಾತ್ರ ಇನ್ನೂ ಇಪ್ಪತ್ತೆರಡು. ಹೇಳಬೇಕಾಗಿದ್ದ ಮಾತೋ, ಒಂದೇ ಸಾಲಿನದು: ಅಕ್ಕಾ, ನೀನು ಇನ್ನು ಶಿರೂರಿಗೆ ನಿನ್ನ ಮಗನ ಮನೆಗೆ ಹೋಗಿ ಇರು.

ಈ ಒಂದು ಸಾಲಿನ ಹಿಂದೆ ಮೂವತ್ತೊಂದು ವರ್ಷದ ಕಥೆಯಿತ್ತು. ಭುವನೇಶ್ವರಿ ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದು ಎರಡು ತಿಂಗಳಾಗಿತ್ತು. ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಅನ್ನುವುದು ಆಗತಾನೇ ಕೈಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ರಂಗೂಬಾಯಿಯ ಗಂಡ ತೀರಿಕೊಂಡ. ಒಂಬತ್ತು ವರ್ಷದ ಮಗ ವಿಕ್ರಮನ ಕೈಹಿಡಿದುಕೊಂಡು ಅವರು ತಮ್ಮನ ಮನೆಗೆ ಬಂದರು. ಬಂದ ಮರುದಿನವೇ ಒಲೆಯ ಮುಂದೆ ನಿಂತರು. ನಿಂತವರು ಸರಿಯಲಿಲ್ಲ. ವಿಕ್ರಮ ಓದಿದ, ಶಿರೂರಿನಲ್ಲಿ ಔಷಧದ ಅಂಗಡಿ ಹಾಕಿದ, ಮದುವೆಯಾದ, ಅವ್ವನಿಗೆಂದು ಕೆಳಗಡೆಯೇ ಒಂದು ಕೋಣೆ ಕಟ್ಟಿಸಿದ, ವರ್ಷಕ್ಕೆ ನಾಲ್ಕು ಸಲ ಕರೆಯಲು ಬಂದ. "ನಾ ಬಂದ್ರ ಇವರ ಮನಿ ನಡಿಯೂದಿಲ್ಲೋ ಮಗನ" ಎಂದು ನಾಲ್ಕೂ ಸಲ ಅವನಿಗೆ ಚಟ್ನಿಪುಡಿ ಕಟ್ಟಿಕೊಟ್ಟು ಕಳಿಸಿದರು. ಭುವನೇಶ್ವರಿ ಮಾತ್ರ ತನ್ನದೇ ಮನೆಯಲ್ಲಿ ಒಗ್ಗರಣೆಗೆ ಅಪ್ಪಣೆ ಕೇಳುತ್ತ ಐವತ್ತೇಳಕ್ಕೆ ಬಂದು ಮುಟ್ಟಿದಳು. ಬುಧವಾರ ಅವಳ ಭಜನಿ ಮಂಡಳಿಯ ಹೆಂಗಸರು ಬಂದಿದ್ದರು. ಅಪರೂಪಕ್ಕೆ ಅವಳೇ ಒಗ್ಗರಣೆ ಅವಲಕ್ಕಿ ಮಾಡಿ ತಂದಿಟ್ಟಳು. ರಂಗೂಬಾಯಿ ಒಂದು ಚಮಚ ಬಾಯಿಗಿಟ್ಟವರೇ ಎಲ್ಲರ ಕೈಯಿಂದ ಪ್ಲೇಟು ಇಸಿದುಕೊಂಡು, "ತಡೀರಿ, ಇಕಿ ಕೈಗೆ ಉಪ್ಪಿನ ಅಂದಾಜಽ ಇಲ್ಲ" ಎಂದು ಎಲ್ಲವನ್ನೂ ಬಾಣಲೆಗೆ ವಾಪಸು ಸುರುವಿ ಹೊಸದಾಗಿ ಒಗ್ಗರಣೆ ಹಾಕಿ ತಂದರು. ಅವಲಕ್ಕಿ ಭಾಳ ರುಚಿಯಾಗಿತ್ತು. ಅದೇ ಭುವನೇಶ್ವರಿಯ ಹೊಟ್ಟೆಗೆ ಬೆಂಕಿ ಹಚ್ಚಿದ್ದು.

"ನಾ ಅವರನ್ನ ಬೀದಿಗೆ ಹಾಕ್ರಿ ಅನ್ನಲಿಕ್ಕತ್ತಿಲ್ಲ," ಅಂದಳು ಭುವನೇಶ್ವರಿ, ಅತ್ತು ಅತ್ತು ಬಾತ ಕಣ್ಣಿನಲ್ಲಿ. "ಅವರಿಗೆ ಮಗ ಇದ್ದಾನ, ಸೊಸಿ ಇದ್ದಾಳ, ಕೋಣಿ ಕಟ್ಟಿಸಿ ಕಾಯ್ಲಿಕ್ಕತ್ತಾರ. ನನಗ ಇದೊಂದಽ ಮನಿ ಅದರಿ… ಸಾಯೂದ್ರೊಳಗ ಒಂದು ನಾಕು ದಿನ ನನ್ನ ಉಪ್ಪು ನಾ ಹಾಕೋಬೇಕು."

ರಾಯರು ಬಾಳೆಹಣ್ಣಿನ ಸಿಪ್ಪೆಯನ್ನು ಮತ್ತೆ ಮೇಲಕ್ಕೆ ಮುಚ್ಚಿದರು. ಅವಳ ಮಾತು ಖರೆಯೇ. ಆದರೆ ಹೇಳುವುದು ಹೇಗೆ? ತಾಯಿ ಸತ್ತಾಗ ಅವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಆ ಹದಿಮೂರರ ಹುಡುಗಿ ಅವರ ಮೂಗು ಒರೆಸಿದ್ದಳು, ತಲೆ ಬಾಚಿದ್ದಳು, ಜ್ವರ ಬಂದಾಗ ರಾತ್ರಿಯೆಲ್ಲ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಂಥವಳಿಗೆ ಹೋಗು ಅನ್ನುವುದೇ? ಸುಮ್ಮನಿದ್ದುಬಿಡೋಣ ಅಂದರೆ, ಸೋಮವಾರ ಹೆಂಡತಿಯೇ ಹೇಳುತ್ತಾಳೆ. ಹೆಂಡತಿ ಹೇಳುವ ರೀತಿ ಇಡೀ ಪುಣೆಯ ಕನ್ನಡಿಗರಿಗೆ ಗೊತ್ತು. ಮಂದಿ ಅದಕ್ಕೆ ಬಾಂಬು ಹಾಕುವುದು ಅನ್ನುತ್ತಾರೆ. ಹಿಂದೊಮ್ಮೆ ಮಂಡಯಿ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವಾಗ ಎದುರಿಗೆ ಪರಿಚಯದ ಸರೋಜಮ್ಮ ಸಿಕ್ಕಿದ್ದಳು. "ನಿಮ್ಮ ಹುಬ್ಬಳ್ಳಿ ಕಾಕಾ ನಿನ್ನೆ ಹೋದ್ರಂತ, ಗೊತ್ತಾತೇನು? ಈ ಸೌತಿಕಾಯಿ ಎಳೀವು ಅವ ನೋಡ್ರಿ," ಎಂದು ಭುವನೇಶ್ವರಿ ಒಂದೇ ಉಸಿರಿಗೆ ಅಂದುಬಿಟ್ಟಳು. ಸರೋಜಮ್ಮ ಅಲ್ಲೇ ಬದನೆಕಾಯಿಯ ರಾಶಿಯ ಮೇಲೆ ಕುಸಿದು ಕೂತಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ; ಅವಳ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲೇ ಇಲ್ಲ, ಅಷ್ಟೇ.

ರಾಯರದು ಇದಕ್ಕೆ ಪೂರಾ ಉಲ್ಟಾ. ಅವರು ತಾರ್ ಆಫೀಸಿನಲ್ಲಿ, ಅಂದರೆ ಟೆಲಿಗ್ರಾಮ್ ಕಚೇರಿಯಲ್ಲಿ, ವರ್ಷಗಟ್ಟಲೆ ಕೆಲಸ ಮಾಡಿದವರು. ಆ ಕಾಲಕ್ಕೆ ಕನ್ನಡದವರ ಮನೆಗೆ ಸಾವಿನ ತಾರ್ ಬಂದರೆ, ಒಮ್ಮೆಲೇ ಕಾಗದ ಕೈಗಿಟ್ಟರೆ ಜೀವ ಒಡೆದೀತೆಂದು ರಾಯರೇ ಡ್ಯೂಟಿ ಮುಗಿಸಿ ಮನೆಗೆ ಹೋಗಿ ಹೇಳಿ ಬರುತ್ತಿದ್ದರು. ತಾರ್ ನಿಂತುಹೋಗಿ ಎಷ್ಟೋ ವರ್ಷವಾದರೂ ಆ ಕೆಲಸ ಮಾತ್ರ ಅವರ ಬೆನ್ನು ಬಿಡಲಿಲ್ಲ. ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಹೋಗಿ ಕೂಡುವುದು, ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸುವುದು, "ಎಲ್ಲಾರೂ ಆರಾಮ?" ಅನ್ನುವುದು. ಸತ್ತರು ಅನ್ನುವ ಶಬ್ದ ಅವರ ಬಾಯಿಂದ ಎಂದೂ ಬಂದಿದ್ದಿಲ್ಲ. ಮನೆಯವರೇ ಗಾಬರಿಯಾಗಿ ಒಂದೊಂದೇ ಹೆಸರು ಕೇಳುತ್ತ ಹೋಗಬೇಕು. ಅವರಲ್ಲ, ಇವರಲ್ಲ ಎಂದು ರಾಯರು ತಲೆ ಅಲ್ಲಾಡಿಸಬೇಕು. ಸರಿಯಾದ ಹೆಸರು ಬಂದಾಗ ಏನೂ ಅನ್ನದೆ ಕಣ್ಣು ನೆಲಕ್ಕೆ ಇಳಿಸಬೇಕು. ಅಷ್ಟೇ. ಅಷ್ಟರೊಳಗೆ ಕೇಳುವವರ ಮನಸ್ಸು ಅರ್ಧ ಗಟ್ಟಿಯಾಗಿರುತ್ತಿತ್ತು. ಪದ್ಧತಿ ಛಲೋದೇ, ಆದರೆ ಅದು ಅವರ ಮೈಗೇ ಹತ್ತಿಬಿಟ್ಟಿತ್ತು. ಹೋದ ತಿಂಗಳು ಮೇಲಿನ ಮನೆಯ ಮುಕ್ತಾ ಎಂಬ ಮರಾಠಿ ಹುಡುಗಿಗೆ, ನಾಳೆ ನೀರಿನ ಟಾಕಿ ತೊಳೆಯುತ್ತಾರೆ ಎಂದು ಹೇಳಲು ಹೋಗಿ, ಕುರ್ಚಿಯಲ್ಲಿ ಕೂತು ಚಷ್ಮಾ ಒರೆಸುತ್ತ ಮರಾಠಿಯಲ್ಲಿ ಮನೆಮಂದಿಯ ಕ್ಷೇಮ ಕೇಳಿದ್ದರು. ಟಾಕಿಯ ಸುದ್ದಿ ಬಾಯಿಗೆ ಬರುವಷ್ಟರಲ್ಲಿ ಆ ಹುಡುಗಿ ಅಳುತ್ತ ಸಾತಾರೆಯ ತನ್ನ ತಾಯಿಗೆ ಫೋನು ಹಚ್ಚಿದ್ದಳು.

ಶುಕ್ರವಾರ ರಾಯರು ಹೇಳಲಿಲ್ಲ. ಶನಿವಾರ ಮುಂಜಾನೆ ಭುವನೇಶ್ವರಿ ಭಜನಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಗಂಡನ ಮುಖವನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ಸೋಮವಾರ ಕಾಣಿಸಿತು. ಅವಳು ಹೋದ ಮೇಲೆ ರಾಯರು ದೇವರ ಮುಂದೆ ಸ್ವಲ್ಪ ಹೊತ್ತು ನಿಂತು, ಜೇಜುರಿಯ ಖಂಡೋಬನನ್ನೂ ಊರಿನ ಮೈಲಾರಲಿಂಗನನ್ನೂ ಒಟ್ಟಿಗೆ ನೆನೆದು, ಪಡಸಾಲೆಗೆ ಬಂದರು.

ರಂಗೂಬಾಯಿ ಕುರ್ಚಿಯಲ್ಲಿ ಕೂತು ಮೊರದ ತುಂಬ ಮೆಂತೆಪಲ್ಯ ಹರವಿಕೊಂಡು ಎಲೆ ಬಿಡಿಸಿ ಸೋಸುತ್ತಿದ್ದರು. ರಾಯರು ಎದುರಿಗಿದ್ದ ಮಣೆಯ ಮೇಲೆ ಕೂತರು. ಕೂತಿದ್ದೇ ತಡ, ಅವರ ಕೈ ತಾನಾಗಿ ಹೋಗಿ ಚಷ್ಮಾ ತೆಗೆಯಿತು.

"ಅಕ್ಕಾ… ಮೈ ಆರಾಮದ ಏನು?"

ರಂಗೂಬಾಯಿಯ ಕೈ ಅಲ್ಲೇ ನಿಂತಿತು. ಗಂಡ ಸತ್ತ ಸುದ್ದಿಯನ್ನೂ ಅವರು ಇದೇ ಚಷ್ಮಾ, ಇದೇ ಅಂಗಿಯ ತುದಿಯ ಮುಂದೆ ಕೂತು ಕೇಳಿದ್ದರು.

"ಯಾರು?" ಎಂದು ಕೇಳಿದರು, ಒಣಗಿದ ದನಿಯಲ್ಲಿ.

"ಯಾರೂ ಅಲ್ಲಕ್ಕಾ. ಬ್ಯಾರೆ ಒಂದು ಮಾತು…"

"ಯಾರೂ ಅಲ್ಲ ಅಂತಿ ಅಂದ್ರ ಭಾಳ ಹತ್ತಿರದವರು. ಮಹದೇವಪ್ಪ ಮಾಸ್ತರೇನು?"

"ಛೇ, ಅವರು ಗಟ್ಟಿ ಇದ್ದಾರ. ನಿನ್ನೆರೇ ಮಾತಾಡೀನಿ."

"ಗದಗಿನ ಮಾಂಶಿ?"

"ಇಲ್ಲಕ್ಕಾ. ನಾ ಹೇಳೂದು ಕೇಳು, ಯಾರಿಗೂ ಏನೂ ಆಗಿಲ್ಲ."

ಇದು ರಾಯರು ಪ್ರತಿ ಮನೆಯಲ್ಲೂ ಹೇಳುವ ಮಾತೇ. ರಂಗೂಬಾಯಿ ಮೊರವನ್ನು ಕೆಳಗಿಟ್ಟರು. ಮೂರನೆಯ ಹೆಸರನ್ನು ಮೆಲ್ಲಗೆ ಕೇಳಿದರು. "ದೇವದಾಸ?"

ದೇವದಾಸ್ ಅವರ ಗಂಡನ ಒಡಹುಟ್ಟಿದ ತಮ್ಮ, ಬೆಳಗಾವಿಯಲ್ಲಿದ್ದ. ಅವನಿಗೂ ರಂಗೂಬಾಯಿಗೂ ಮಾತು ನಿಂತು ಹನ್ನೆರಡು ವರ್ಷವಾಗಿತ್ತು. ಅಲ್ಲ ಎಂದು ರಾಯರು ಹೇಳಬೇಕಾಗಿತ್ತು. ಹೇಳುತ್ತಲೂ ಇದ್ದರು. ಆದರೆ ಅದೇ ಕ್ಷಣಕ್ಕೆ ಅವರ ಕಣ್ಣು ಅಕ್ಕನ ಕಾಲಿನ ಮೇಲೆ ಬಿತ್ತು. ಗಂಟು ಗಂಟಾಗಿ ಬಾತ ಪಾದ, ಬಿರಿದ ಹಿಮ್ಮಡಿ. ಧಾರವಾಡದ ಬಿಸಿಲಿನಲ್ಲಿ, ತಮ್ಮನ ಕಾಲು ಸುಟ್ಟೀತೆಂದು ಅವರನ್ನು ಟೊಂಕದ ಮೇಲೆ ಹೊತ್ತುಕೊಂಡು ಬರಿಗಾಲಲ್ಲಿ ಶಾಲೆಗೆ ಕರೆದೊಯ್ಯುತ್ತಿದ್ದ ಕಾಲು ಅದು… ಈ ಕಾಲಿಗೆ ನಾನು ಮನೆ ಬಿಟ್ಟು ನಡೆ ಅನ್ನಬೇಕೇ ಎಂದುಕೊಳ್ಳುತ್ತ ರಾಯರು ಅಲ್ಲ ಅನ್ನುವುದನ್ನೇ ಮರೆತರು, ಕಣ್ಣು ನೆಲದಿಂದ ಮೇಲೇಳಲೇ ಇಲ್ಲ.

ಅಲ್ಲಿಗೆ ದೇವದಾಸನ ಕಥೆ ಮುಗಿಯಿತು.

ರಂಗೂಬಾಯಿ ಅಳಲಿಲ್ಲ. ಎದ್ದರು, ಗೋಡೆ ಹಿಡಿದರು, ನೆಟ್ಟಗೆ ಬಚ್ಚಲಿಗೆ ನಡೆದರು. "ಅಕ್ಕಾ, ಹಂಗಲ್ಲ, ನಾ ಹೇಳೂದು…" ಎಂದು ರಾಯರು ಹಿಂದೆ ಓಡಿದರೆ, "ಸಾಕು ಬಿಡು. ನಿನ್ನ ಹಂಗಲ್ಲ ನನಗ ಗೊತ್ತದ," ಎಂದು ಬಾಗಿಲು ಹಾಕಿಕೊಂಡರು. ಒಳಗೆ ಉಟ್ಟ ಸೀರೆಯ ಮೇಲೆಯೇ ತಂಬಿಗೆ ತಂಬಿಗೆ ನೀರು ಸುರುವಿಕೊಳ್ಳುವ ಸಪ್ಪಳ ಕೇಳಿಸಿತು. ಗಂಡನ ತಮ್ಮ ಅಂದರೆ ಹತ್ತು ದಿನದ ಸೂತಕ. ರಾಯರು ಬಚ್ಚಲ ಬಾಗಿಲ ಹೊರಗೆ ನಿಂತು ಕೈ ಕೈ ಹಿಸುಕಿಕೊಂಡರು. ಬಂದ ಕೂಡಲೇ ಹೇಳಿಬಿಡುತ್ತೇನೆ ಅಂದುಕೊಂಡರು. ರಂಗೂಬಾಯಿ ಬೇರೆ ಸೀರೆ ಉಟ್ಟು, ಒದ್ದೆ ಕೂದಲಿನಲ್ಲಿ ಹೊರಗೆ ಬಂದು ತಮ್ಮ ಚೀಲಕ್ಕೆ ಬಟ್ಟೆ ತುಂಬತೊಡಗಿದಾಗ ಇನ್ನೂ ಗಾಬರಿಯಾದರು. ಸುಳ್ಳೇಕೆ ಹೇಳಲಿ, ಆ ತುಂಬಿದ ಚೀಲ ನೋಡಿ ಒಂದೇ ಒಂದು ನಿಮಿಷ ಅವರ ಮನಸ್ಸಿಗೆ, ಹೇಗೂ ಹೊರಟೇ ಬಿಟ್ಟಿದ್ದಾಳಲ್ಲ, ಬೆಳಗಾವಿಯಿಂದ ಹಾಗೇ ಶಿರೂರಿಗೆ ಹೋದರೆ ನನ್ನ ಬಾಯಿ ತೆರೆಯುವುದೇ ಬೇಡವಲ್ಲ ಎಂಬ ದುರ್ಬುದ್ಧಿಯೂ ಬಂತು. ಬಂದದ್ದಕ್ಕೆ ತಮ್ಮ ತಲೆ ತಾವೇ ಮೊಟಕಿಕೊಂಡರು.

"ವಿಕ್ರಮಗ ನೀನಽ ಫೋನ್ ಹಚ್ಚಿ ಹೇಳು," ಅಂದರು ರಂಗೂಬಾಯಿ. "ನಾ ಹೇಳಿದ್ರ ಗಾಬರಿ ಆಗ್ತಾನ. ನಿನಗ ಹೇಳಲಿಕ್ಕ ಬರತದ."

ರಾಯರು ಗ್ಯಾಲರಿಗೆ ಹೋಗಿ, ಯಾರಿಗೂ ಹಚ್ಚದ ಫೋನನ್ನು ಕಿವಿಗಿಟ್ಟುಕೊಂಡು, "ಹೂಂ… ಹೂಂ…" ಅನ್ನುತ್ತ ನಿಂತರು. ಕೆಳಗೆ ಕರ್ವೆ ರಸ್ತೆಯ ಕಡೆಯಿಂದ ರಿಕ್ಷಾ ಬಂದು ನಿಂತಿತು. ಅದರಿಂದ ಭುವನೇಶ್ವರಿ ಇಳಿದಳು.

ಬಾಗಿಲು ತೆರೆದು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೂವತ್ತೊಂದು ವರ್ಷದಲ್ಲಿ ಅಡುಗೆಮನೆಯಿಂದ ಕದಲದ ಅಕ್ಕ ಹೊರಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಕಟ್ಟಿದ ಚೀಲ. ಮೊರದಲ್ಲಿ ಅರ್ಧ ಸೋಸಿದ ಪಲ್ಯ ಅನಾಥವಾಗಿ ಬಿದ್ದಿದೆ. ಹೇಳಿಬಿಟ್ಟರಲ್ಲ ಎಂದು ಅವಳಿಗೆ ಗೊತ್ತಾಯಿತು. ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ.

"ಭುವನಾ, ಅಡಗೀಮನಿ ಇನ್ನ ನೀನಽ ನೋಡಿಕೋಬೇಕವ್ವಾ," ಅಂದರು ರಂಗೂಬಾಯಿ. "ನಾ ಮುಟ್ಟೂಹಂಗಿಲ್ಲ. ಕುಕ್ಕರಿಗೆ ಬ್ಯಾಳಿ ಇಟ್ಟೀನಿ, ಎರಡು ಸೀಟಿ ಆಗ್ಯಾವ."

"ಹಂಗ್ಯಾಕಂತೀರಿ ಅಕ್ಕಾವ್ರ…" ಭುವನೇಶ್ವರಿ ಕೈಚೀಲವನ್ನು ಅಲ್ಲೇ ನೆಲಕ್ಕಿಟ್ಟಳು.

"ಎಲ್ಲಾ ನನ್ನದಽ ತಪ್ಪು. ಇಷ್ಟು ವರ್ಷ ಹಟಾ ಹಿಡಿದು ಕೂತೆ. ಮೊದಲಽ ಎದ್ದು ಹೋಗಿದ್ರ ಈ ಗತಿ ಬರತಿದ್ದಿಲ್ಲ. ನಾಳಿ ಮುಂಜಾನೆ ಹೋಗಿಬಿಡ್ತೀನಿ."

"ಬ್ಯಾಡ್ರೀ ಅಕ್ಕಾವ್ರ. ಇಷ್ಟು ಅವಸರ ಏನದ? ನನ್ನದೂ ತಪ್ಪದ."

"ನಿನ್ನ ತಪ್ಪೇನದ ಇದರಾಗ?"

"ನಾನಽ ಇವರಿಗೆ ಹೇಳ್ರಿ ಅಂದೆ…" ಎಂದು ಭುವನೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. "ಸಿಟ್ಟಿನ್ಯಾಗ ಅಂದಿದ್ದೆರೀ. ಮನಸಿನ್ಯಾಗ ಹಂಗಿಲ್ಲ."

"ಅಯ್ಯ, ಹೇಳದಽ ಹೆಂಗ ನಡೀತದ? ಇಂಥಾದ್ದು ಮುಚ್ಚಿಡಲಿಕ್ಕ ಬರತದೇನು? ನೀ ಹೇಳಸಿದ್ದು ಛಲೋನಽ ಆತು." ರಂಗೂಬಾಯಿ ನಾದಿನಿ-ಅತ್ತಿಗೆಯ ಮೂವತ್ತೊಂದು ವರ್ಷದ ಬಾಳಿನಲ್ಲಿ ಮೊದಲ ಸಲ ತಮ್ಮನ ಹೆಂಡತಿಯ ತಲೆಯ ಮೇಲೆ ಕೈಯಾಡಿಸಲು ಹೋಗಿ, ಸೂತಕ ನೆನಪಾಗಿ ಕೈ ಹಿಂದೆ ತೆಗೆದುಕೊಂಡರು. "ಅಳಬ್ಯಾಡ. ನೀ ಇಷ್ಟು ಹಚ್ಚಿಕೊಂಡೀ ಅಂತ ನನಗ ಗೊತ್ತಽ ಇದ್ದಿದ್ದಿಲ್ಲ."

ಭುವನೇಶ್ವರಿ ಇನ್ನೂ ಜೋರಾಗಿ ಅತ್ತಳು. ಅಲ್ಲಿಂದ ಎದ್ದವಳೇ ಗ್ಯಾಲರಿಗೆ ಬಂದು ಗಂಡನ ಕಿವಿಯಿಂದ ಫೋನು ಕಿತ್ತುಕೊಂಡಳು.

"ಅಂಥಾದ್ದೇನು ಹೇಳಿದ್ರಿ ನೀವು ಅವರಿಗೆ? ಮುಟ್ಟೂಹಂಗಿಲ್ಲ ಅಂತ ಚಾಪಿ ಮ್ಯಾಲೆ ಕೂತಾರಲ್ಲ. ಹೋಗೂದು ಬ್ಯಾಡ, ನಾ ಹಂಗಽ ಅಂದಿದ್ದೆ ಅಂತ ಹೇಳ್ರಿ ಈಗಿಂದೀಗ."

"ನಾ ಏನೂ ಹೇಳೇ ಇಲ್ಲ," ಅಂದರು ರಾಯರು, ಅಳು ಬಂದ ಮುಖ ಮಾಡಿಕೊಂಡು. "ದೇವದಾಸ್ ಹೋದ ಅಂತ ತಿಳಕೊಂಡಾಳ. ನಾ ಅಕಿ ಕಾಲು ನೋಡಿದೆ… ಅಕಿ ನಾ ನೆಲಾ ನೋಡಿದೆ ಅಂತ ತಿಳಕೊಂಡ್ಳು."

ಭುವನೇಶ್ವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಗ್ಯಾಲರಿಯ ಕಟ್ಟೆಗೆ ಒರಗಿದಳು.

"ಜೀವಂತ ಇದ್ದ ಮನಷ್ಯಾನ್ನ ಸಾಯಿಸಿ ಬಂದು ಇಲ್ಲಿ ನಿಂತೀರೇನು? ನಾ ಬಾಂಬು ಹಾಕ್ತೀನಿ ಅಂತ ಊರ ಮಂದಿ ಮುಂದ ಆಡಿಕೋತೀರಿ. ನನ್ನ ಬಾಂಬಿಗೆ ಇವತ್ತಿನ ತನಕಾ ಒಬ್ಬರೂ ಸತ್ತಿಲ್ರೀ. ನಡೀರಿ ಒಳಗ."

ರಾಯರು ಅಕ್ಕನ ಮುಂದೆ ಬಂದು ನಿಂತರು. ಕೂಡಲಿಲ್ಲ. ಚಷ್ಮಾ ತೆಗೆಯದಿರಲೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಅಕ್ಕಾ, ದೇವದಾಸ್ ಸತ್ತಿಲ್ಲ. ಜೀವಂತ ಇದ್ದಾನ," ಅಂದರು. ಆ ಶಬ್ದ ಅವರ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ರಂಗೂಬಾಯಿ ತಮ್ಮನನ್ನು ಕನಿಕರದಿಂದ ನೋಡಿದರು. "ಸಣ್ಣಾಂವ ಇದ್ದಾಗಿಂದ ಹಿಂಗಽ ನೋಡು ನೀನು. ಅಳೂದು ನೋಡಲಿಕ್ಕ ಆಗೂದಿಲ್ಲ ನಿನಗ. ನನ್ನ ಸಮಾಧಾನಕ್ಕ ಹಿಂಗೆಲ್ಲಾ ಸುಳ್ಳ ಹೇಳಬ್ಯಾಡೋ. ನಾ ಗಟ್ಟಿ ಇದ್ದೀನಿ."

"ಖರೇನಽ ಅಕ್ಕಾ. ಆರಾಮ ಇದ್ದಾನ."

"ಹೌದಪಾ, ಆರಾಮ ಇದ್ದಾನ. ದೇವರ ಕಡೆ ಆರಾಮ ಇದ್ದಾನ."

ಇನ್ನು ರಾಯರು ಖಂಡೋಬನ ಭಂಡಾರ ಮುಟ್ಟಿ ಆಣೆ ಮಾಡಿದ್ದರೂ ಆ ಮನೆಯಲ್ಲಿ ನಂಬುವವರಿದ್ದಿಲ್ಲ. ಅವರು ಸೋತು ಹೆಂಡತಿಯ ಕಡೆ ನೋಡಿದರು. ಭುವನೇಶ್ವರಿ ಮುಂದೆ ಬಂದಳು.

"ಅಕ್ಕಾವ್ರ, ನಾ ಹೇಳ್ತೀನಿ ಕೇಳ್ರಿ. ಅವರು ಸತ್ತಿಲ್ಲ. ನಿಮ್ಮ ತಮ್ಮಗ ಮಾತಾಡ್ಲಿಕ್ಕೆ ಬರೂದಿಲ್ಲ, ಅದಕ್ಕ ನೀವು ಸುಳ್ಳಽ ತಲಿಮ್ಯಾಲ ನೀರು ಹಾಕೊಂಡ್ರಿ."

ರಂಗೂಬಾಯಿ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದರು. ಅಡುಗೆಮನೆಯಲ್ಲಿ ಕುಕ್ಕರಿನ ಮೂರನೆಯ ಸೀಟಿ ಆಯಿತು. "ನೀ ಹೇಳ್ತಿ ಅಂದ್ರ ಖರೇನಽ ಇರಬೇಕು," ಅಂದರು ನಿಧಾನಕ್ಕೆ. "ಕೆಟ್ಟದ್ದನ್ನ ಛಲೋ ಮಾಡಿ ಹೇಳೂ ಹೆಣಮಗಳಲ್ಲ ನೀನು." ಮೂವತ್ತೊಂದು ವರ್ಷದಲ್ಲಿ ಅಕ್ಕ ತನಗೆ ಕೊಟ್ಟ ಮೊದಲ ಶಾಭಾಸ್ ಇದು ಎಂದು ಭುವನೇಶ್ವರಿಗೆ ಆಮೇಲೆ ಹೊಳೆಯಿತು.

ಸೀರೆಯ ಗಂಟಿನಿಂದ ರಂಗೂಬಾಯಿ ತಮ್ಮ ಸಣ್ಣ ಫೋನು ತೆಗೆದರು. ದೇವದಾಸನ ನಂಬರು ಅದರಲ್ಲೇ ಇತ್ತು. ಮೂರು ಫೋನು ಬದಲಾದರೂ ಪ್ರತಿ ಸಲ ವಿಕ್ರಮನಿಗೆ ಹೇಳಿ ಅದೊಂದನ್ನು ಹೊಸದಕ್ಕೆ ಹಾಕಿಸಿಕೊಂಡಿದ್ದರು, ಒಮ್ಮೆಯೂ ಹಚ್ಚಿದ್ದಿಲ್ಲ. ಸ್ಪೀಕರಿನಲ್ಲೇ ಮಾತಾಡುವ ರೂಢಿ ಅವರದು. ಒಂದು ರಿಂಗು ಆಗುವುದರೊಳಗೆ ಆ ಕಡೆ ಎತ್ತಿದರು. ಹಲೋ ಇಲ್ಲ, ಏನಿಲ್ಲ. ಉಸಿರಷ್ಟೇ ಕೇಳಿಸಿತು.

"ವೈನಿ…" ಎಂದು ಅತ್ತಿಗೆಯನ್ನು ಕರೆಯಿತು ಒಂದು ಗೊಗ್ಗರು ದನಿ. "ಯಾರು ಹೋದ್ರು?"

ರಂಗೂಬಾಯಿ ಫೋನನ್ನು ಬಾಯಿಯ ಹತ್ತಿರ ತಂದರು. "ನೀನಽ ಹೋಗಿದ್ದಿ," ಅಂದರು. "ಈಗ ಬಂದಿ."

ಹನ್ನೆರಡು ವರ್ಷದ ಹಿಂದಿನ ಕಥೆ ಆಗ ಹೊರಬಿತ್ತು. ವಿಕ್ರಮನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವನು ದೇವದಾಸ್. ಊಟದ ಹೊತ್ತಿಗೆ ಮಾತ್ರ ಗದ್ದಲದಲ್ಲಿ ಮೊದಲ ಪಂಕ್ತಿಯೆಲ್ಲ ಬೀಗರ ಕಡೆಯವರಿಂದ ತುಂಬಿ, ಅವನಿಗೆ ಮೂರನೆಯ ಪಂಕ್ತಿಗೆ ಕಾಯಲು ಹೇಳಿದ್ದರು. ಅವನು ಉಣ್ಣದೆ ಎದ್ದು ಹೋಗಿದ್ದ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ರಂಗೂಬಾಯಿ ಈಗ ಫೋನಿಗೆ ಹೇಳಿದರು. "ನೀ ಚಪ್ಪಲಿ ಮೆಟ್ಟೂದು ನಾ ನೋಡಿದ್ದೆ ದೇವದಾಸ. ಒಂದು ಸಲ ಕರದ್ರ ನೀ ಬರತಿದ್ದಿ. ನಾ ಕರೀಲಿಲ್ಲ… ಮಂದಿ ಮುಂದ ಸಣ್ಣಾಕಿ ಆಗ್ತೀನಿ ಅಂತ ಸುಮ್ಮ ನಿಂತೆ."

"ನಾನೂ ಗೇಟಿನ ತನಕಾ ಹೋಗಿ ನಿಂತಿದ್ದೆ ವೈನಿ. ಭಾಳ ಹೊತ್ತು ನಿಂತಿದ್ದೆ." ಆ ಕಡೆಯ ದನಿ ಒಡೆಯಿತು. "ಹೊಟ್ಟಿ ಭಾಳ ಹಸಿದಿತ್ತು."

ಅಳಬೇಕೋ ನಗಬೇಕೋ ತಿಳಿಯದೆ ರಂಗೂಬಾಯಿ ಎರಡನ್ನೂ ಮಾಡಿದರು. ನಾಳೆ ಬರುತ್ತೇನೆ, ನಿನ್ನ ಪಕ್ಕದಲ್ಲಿ ಎಲೆ ಹಾಕಿಸು ಎಂದು ಹೇಳಿ ಫೋನು ಇಟ್ಟು, ಕಣ್ಣೊರೆಸಿಕೊಂಡು, ತಮ್ಮನ ಕಡೆ ತಿರುಗಿದರು.

"ಹಂಗಾದ್ರ ಮುಂಜಾನೆ ನೀ ಹೇಳಲಿಕ್ಕ ಬಂದದ್ದೇನು?"

ರಾಯರ ಕೈ ಚಷ್ಮಾದ ಕಡೆ ಹೋಗಿ ವಾಪಸು ಬಂತು. ಏನಿಲ್ಲಾ ಅನ್ರಿ, ಏನಿಲ್ಲಾ ಅನ್ರಿ ಎಂದು ಭುವನೇಶ್ವರಿ ಅಕ್ಕನ ಬೆನ್ನ ಹಿಂದೆ ನಿಂತು ಕೈಸನ್ನೆ ಮಾಡಿದಳು. ಆಮೇಲೆ ತಡೆಯಲಾರದೆ ಅವಳೇ, "ಅಕ್ಕಾವ್ರ, ಅದು ನಾನಽ…" ಎಂದು ಬಾಯಿ ತೆರೆದಳು.

"ನೀ ಸುಮ್ಮನಿರು ಭುವನಾ. ಇವನ ಬಾಯಿಲೆ ಕೇಳಬೇಕು ನಾ. ಊರ ಮಂದಿ ಸಾವೆಲ್ಲಾ ಹೇಳಿ ಬಂದಾನ, ತನ್ನ ಮನಿ ಮಾತೊಂದು ಹೇಳಲಿ."

ಏನಿಲ್ಲ ಅಂದರೆ ಮುಗಿಯುತ್ತಿತ್ತು. ಹೆಂಡತಿಯೂ ಬೇಡ ಅನ್ನುತ್ತಿದ್ದಾಳೆ. ಆದರೆ ಗುರುವಾರ ಆ ಹೆಂಗಸು ಬಾತ ಕಣ್ಣಿನಲ್ಲಿ, ನನ್ನ ಉಪ್ಪು ನಾ ಹಾಕೋಬೇಕು ಅಂದದ್ದು ರಾಯರ ಕಿವಿಯಲ್ಲಿ ಇನ್ನೂ ಇತ್ತು. ಇವತ್ತಿನ ಕರುಣೆ ಬರುವ ಬುಧವಾರದ ಅವಲಕ್ಕಿಯವರೆಗೆ ಬಾಳುವುದಿಲ್ಲ ಎಂಬುದೂ ಗೊತ್ತಿತ್ತು. ಅವರು ಅಕ್ಕನ ಮುಖವನ್ನೇ ನೋಡಿದರು.

"ಅಕ್ಕಾ, ನೀ ಇನ್ನ ಶಿರೂರಿಗೆ… ವಿಕ್ರಮನ ಕಡೆ ಹೋಗಿ ಇರು. ಈ ಮನಿಯೊಳಗ ಭುವನಾಗ ಜಾಗಾ ಇಲ್ಲದಂಗ ಆಗೇದ. ಅಕಿ ಕೇಳಿದ್ಲು. ಆದ್ರ ಅಕಿ ಕೇಳಿದ್ಲು ಅಂತಷ್ಟಽ ಅಲ್ಲ, ನನಗೂ ಅದು ಖರೇ ಅನಸ್ತದ."

ಬಾಂಬು ಬಿತ್ತು. ಭುವನೇಶ್ವರಿ ಕಣ್ಣು ಮುಚ್ಚಿಕೊಂಡಳು.

"ಇಷ್ಟಽ ಏನು?" ಅಂದರು ರಂಗೂಬಾಯಿ.

"ಇಷ್ಟಽ."

"ಇಷ್ಟು ಹೇಳಲಿಕ್ಕ ಒಬ್ಬ ಮನಷ್ಯಾನ್ನ ಕೊಂದೆಲ್ಲೋ ನೀನು."

ನಗಿಸಲೆಂದು ಅಂದ ಮಾತು. ಆದರೆ ಅಂದವರೇ ನಗಲಿಲ್ಲ. ಪಕ್ಕದ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟಿದರು. "ಗಂಡ ಹೋದಾಗ ನನಗ ನಲವತ್ತೊಂದು," ಅಂದರು ಕಡೆಗೆ. "ತಮ್ಮನ ಮನಿಯೊಳಗ ಕೂತು ಉಣ್ಣೂಕಿ ಅನಿಸಿಕೋಬಾರದು ಅಂತ ಬಂದ ಮರುದಿನಾನಽ ಒಲಿ ಮುಂದ ನಿಂತೆ. ನಾ ಇಲ್ಲಾಂದ್ರ ಇವರ ಮನಿ ನಡಿಯೂದಿಲ್ಲ, ನಡಿಯೂದಿಲ್ಲ ಅಂತ ನನಗ ನಾನಽ ಹೇಳಿಕೋತ ಬಂದೆ. ಅದೊಂದು ಸಮಾಧಾನ ಇತ್ತು… ಸರಿದು ನಿಂದರೂದು ಮರತೇಬಿಟ್ಟೆ."

"ಒಂದು ಸಲಾನರೇ ಇದನ್ನ ನನಗ ಹೇಳಬಾರದಾಗಿತ್ತೇನ್ರಿ," ಎಂದು ಭುವನೇಶ್ವರಿ ಅವರ ಮುಂದೆ ನೆಲಕ್ಕೆ ಕೂತಳು.

"ನೀನರೇ ಹೇಳಿದೇನು? ಊರಿಗೆಲ್ಲಾ ಬಾಂಬು ಹಾಕ್ತಿ, ಮೂವತ್ತೊಂದು ವರ್ಷದಾಗ ನನಗೊಂದು ಹಾಕಲಿಲ್ಲ. ಹಾಕಿದ್ರ ಅವತ್ತಽ ಒಂದು ಜಗಳಾ ಆಗಿ ಮುಗದ್ಹೋಗತಿತ್ತು." ಈ ಸಲ ಕೈ ಹಿಂದೆ ತೆಗೆಯುವ ಕಾರಣವಿರಲಿಲ್ಲ. ರಂಗೂಬಾಯಿ ಅವಳ ತಲೆಯ ಮೇಲೆ ಕೈಯಿಟ್ಟರು. ಗೋಡೆಗೆ ಮುಖ ಮಾಡಿ ನಿಂತಿದ್ದ ರಾಯರು, ಇಷ್ಟು ವರ್ಷ ಊರವರನ್ನೆಲ್ಲ ಅಳಿಸಿ ಬಂದವರು, ಈಗ ಮಗುವಿನ ಹಾಗೆ ದನಿ ತೆಗೆದು ಅತ್ತರು. ಕುಕ್ಕರಿನ ಬೇಳೆ ಅಷ್ಟರಲ್ಲಿ ತಳ ಹಿಡಿದು ವಾಸನೆ ಬಂತು. ಇಬ್ಬರೂ ಹೆಂಗಸರು ಒಟ್ಟಿಗೆ ಏಳಲು ಹೋದರು. ರಂಗೂಬಾಯಿ ಅರ್ಧ ಎದ್ದವರು ಮತ್ತೆ ಕೂತುಕೊಂಡರು. "ನೀ ಹೋಗು," ಅಂದರು.

ಭಾನುವಾರ ವಿಕ್ರಮ ಕಾರು ತಂದ. ಮೊದಲು ಬೆಳಗಾವಿಗೆ ಹೋಗುವುದು, ನಾಲ್ಕು ದಿನ ಕಾಕಾನ ಮನೆಯಲ್ಲಿದ್ದು ಆಮೇಲೆ ಶಿರೂರು ಎಂದು ಠರಾವಾಗಿತ್ತು. ಕಾರು ಹೊರಟಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ಭುವನೇಶ್ವರಿ. ಮೇಲಿನ ಮಾಳಿಗೆಯ ಮುಕ್ತಾ ಗಾಬರಿಯಾಗಿ ಇಳಿದು ಬಂದು ಯಾರು ಹೋದರು ಎಂದು ಕೇಳಿದಳು. ರಾಯರು ಚಷ್ಮಾ ತೆಗೆಯದೆ, "ಅಕ್ಕಾ ಶಿರೂರಲಾ ಗೇಲಿ, ಮುಲಾಕಡೆ," ಎಂದು, ಅಕ್ಕ ಶಿರೂರಿಗೆ ಮಗನ ಕಡೆ ಹೋದಳೆಂಬುದನ್ನು ಮರಾಠಿಯಲ್ಲಿ ಒಂದೇ ಮಾತಿಗೆ ಹೇಳಿದರು. ಅವಳು ನಂಬಲಿಲ್ಲ, ಅದು ಬೇರೆ ಮಾತು.

ಮೊದಲ ನಾಲ್ಕು ದಿನ ಭುವನೇಶ್ವರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತನಗೆ ಬೇಕಾದ ಹಾಗೆ ಹೊಂದಿಸಿಟ್ಟಳು. ತನಗೆ ಬೇಕಾದ ಸಾರು ಮಾಡಿದಳು. ಉಪ್ಪು ಸ್ವಲ್ಪ ಹೆಚ್ಚೇ ಆಗುತ್ತಿತ್ತು. ರಾಯರು ಹೆಚ್ಚಾಗಿದೆ ಎಂದು ನೇರವಾಗಿ ಹೇಳಿ ಬೈಸಿಕೊಂಡು, ಉಂಡು ಏಳುತ್ತಿದ್ದರು. ಐದನೆಯ ದಿನದಿಂದ ಅವಳು ಕಟ್ಟೆಗೆ ಒರಗಿ ಸುಮ್ಮನೆ ನಿಲ್ಲತೊಡಗಿದಳು. ಒಂಬತ್ತನೆಯ ದಿನ ಮಧ್ಯಾಹ್ನ ರಾಯರು ಪೇಪರು ಓದುತ್ತಿದ್ದಾಗ ಅವಳು ಪಕ್ಕದಲ್ಲೇ ಕೂತು ಶಿರೂರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆರಾಮ ಏನು, ಊಟ ಆತೇನು ಎಂಬ ಯಾವ ಪೀಠಿಕೆಯೂ ಇಲ್ಲ.

"ಅಕ್ಕಾವ್ರ, ನೀವಿಲ್ಲದ ಮನಿ ಬ್ಯಾಸರ ಆಗೇದರಿ. ಜಗಳಾಡ್ಲಿಕ್ಕೂ ಯಾರೂ ಇಲ್ಲ. ಇವರ ಕೂಡ ಏನು ಜಗಳಾಡೂದು."

ಆ ಕಡೆ ಮೂಗೊರೆಸಿಕೊಂಡ ಸಪ್ಪಳವಾಯಿತು. "ಹಂಗಾದ್ರ… ಎರಡು ದಿನ ಬಂದು ಹೋಗ್ಲೇನು?" ಎಂದು ರಂಗೂಬಾಯಿಯ ದನಿ ಕೇಳಿತು. ಆ ದನಿಯಲ್ಲಿ, ಬಾಗಿಲ ಹೊರಗೆ ನಿಂತು ಕೇಳುವವರ ಅಂಜಿಕೆಯಿತ್ತು. ಅದು ರಾಯರ ಎದೆಗೆ ನಾಟಿತು.

ಭುವನೇಶ್ವರಿ ಕಣ್ಣೊರೆಸಿಕೊಂಡಳು. "ಬರ್ರಿ ಅಕ್ಕಾವ್ರ, ನಾಳೇನಽ ಬರ್ರಿ," ಅಂದಳು. "ಆದ್ರ ಎರಡು ದಿನಾ ಅಂದ್ರ ಎರಡಽ ದಿನಾ ಮತ್ತ."

ರಾಯರು ಉಸಿರು ಬಿಗಿಹಿಡಿದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಶಿರೂರಿನಲ್ಲಿ ಅವರ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಕೋಥರೂಡಿನ ಆ ಪಡಸಾಲೆಯ ತುಂಬ ಕೇಳಿಸಿತು. ಹಾಗೆ ನಕ್ಕದ್ದನ್ನು ಅವರು ಧಾರವಾಡ ಬಿಟ್ಟ ಮೇಲೆ ಕೇಳಿದ್ದಿಲ್ಲ.